ಕಣ ಕಟ್ಟುವವರ ಕಷ್ಟ: ಸ್ಟ್ರೈಟ್ ಪೂಲ್ ಪಂದ್ಯಾವಳಿಯ ಕಥೆ

ರೇಡಿಯೋ ವಾರ್ತೆಗಳು ಮುಗಿಯುವ ಹೊತ್ತಿಗೆ ಆಟೋಟಗಳ ಸುದ್ದಿ ಬರುತ್ತದೆ. ಇಂಥ ಪಂದ್ಯಾವಳಿಯಲ್ಲಿ ಇಂಥವರು ಇಂಥವರನ್ನು ಸೋಲಿಸಿ ಪ್ರಶಸ್ತಿ ಪಡೆದರು ಎಂದು ಒಂದೇ ವಾಕ್ಯ. ಅದನ್ನು ಕೇಳಿ, ಕಾಫಿಯ ಲೋಟವನ್ನು ಕೆಳಗಿಟ್ಟು, ನಾವು ಮುಂದಿನ ಕಾರ್ಯಕ್ರಮಕ್ಕೆ ಕಿವಿಗೊಡುತ್ತೇವೆ. ಗೆದ್ದವರ ಹೆಸರು ನೆನಪಿನಲ್ಲಿ ಉಳಿದರೆ ಉಳಿಯಬಹುದು. ಆದರೆ ಯಾರು ಯಾರೊಡನೆ ಆಡಬೇಕೆಂದು ಗೊತ್ತುಮಾಡಿದವರು ಯಾರು? ಕಣದೊಳಕ್ಕೆ ಯಾರನ್ನು ಬಿಟ್ಟರು, ಯಾರನ್ನು ಬಾಗಿಲಲ್ಲೇ ತಡೆದರು? ಗೆದ್ದವನು ನಿಜವಾಗಿಯೂ ಎಲ್ಲರಿಗಿಂತ ಮೇಲೆಂದು ಹೇಳಲು ಆಧಾರವೇನು? ಈ ಪ್ರಶ್ನೆಗಳನ್ನು ಕೇಳುವವರು ವಿರಳ.

ಈ ಲೇಖಕ ಕನ್ನಡ ಪಂಡಿತ, ಆಟದ ಮೇಷ್ಟರಲ್ಲ. ಆದರೂ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾದವನಿಗೆ ಕ್ರೀಡೋತ್ಸವದ ಪಟ್ಟಿ ಬರೆಯುವ ಕೆಲಸ ತಪ್ಪುವುದಿಲ್ಲ. ಅಕ್ಷರ ದುಂಡಗಿದೆ ಎಂಬುದೇ ಅದಕ್ಕೆ ಸಾಕಾದ ಅರ್ಹತೆ. ಒಂದು ವರ್ಷ ಕಬಡ್ಡಿ ಪಂದ್ಯಗಳಿಗೆ ಚೀಟಿ ಎತ್ತಿಸಿ ಜೋಡಿಗಳನ್ನು ಬರೆದೆ. ಶಾಲೆಯ ಅತ್ಯುತ್ತಮ ತಂಡಗಳೆರಡೂ ಮೊದಲನೆಯ ದಿನವೇ ಎದುರುಬದುರಾದುವು. ಸೋತ ತಂಡದ ನಾಯಕ, ಹತ್ತನೆಯ ತರಗತಿಯ ಹುಡುಗ, ಸಂಜೆ ನನ್ನ ಬಳಿಗೆ ಬಂದು, “ಸಾರ್, ನಾವು ಸೋತದ್ದು ಅವರಿಗಲ್ಲ, ನಿಮ್ಮ ಚೀಟಿಗೆ” ಎಂದ. ನನಗೆ ಉತ್ತರ ತೋಚಲಿಲ್ಲ. ಛಂದಸ್ಸಿನಲ್ಲಿ ಗಣ ತಪ್ಪಿದರೆ ತಿದ್ದಬಹುದು. ಆಡಿ ಮುಗಿದ ಆಟವನ್ನು ತಿದ್ದುವುದು ಹೇಗೆ?

ಆ ಹುಡುಗನ ಮಾತು ಬಹುಕಾಲ ನನ್ನನ್ನು ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಸುಮಾರು ನೂರೈವತ್ತು ವರ್ಷಗಳಿಂದ ಎದುರಿಸುತ್ತ ಬಂದ ಒಂದು ಆಟ ಅಮೆರಿಕದಲ್ಲಿದೆ ಎಂದು ಓದಿನಿಂದ ತಿಳಿಯಿತು. ಅದರ ಹೆಸರು ಸ್ಟ್ರೈಟ್ ಪೂಲ್. ವಾಚಕರು ಒಪ್ಪಿದರೆ, ಆ ಆಟದ ಕಣವನ್ನು ಕಟ್ಟಿದವರ ಕಥೆಯನ್ನು ಇಲ್ಲಿ ನಿವೇದಿಸುತ್ತೇನೆ.

ಬಿಲಿಯರ್ಡ್ಸ್ ಮತ್ತು ಸ್ನೂಕರ್ ನಮಗೆ ಅಪರಿಚಿತವಲ್ಲ. 1958ರಲ್ಲಿ ಕಲ್ಕತ್ತೆಯಲ್ಲಿ ಮುಂಬಯಿಯ ವಿಲ್ಸನ್ ಜೋನ್ಸ್ ಅವರು ಹವ್ಯಾಸಿ ಬಿಲಿಯರ್ಡ್ಸಿನ ವಿಶ್ವಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ಜಗಜ್ಜೇತರಾದದ್ದು ಎಲ್ಲರೂ ಬಲ್ಲ ಸಂಗತಿ. ಸ್ಟ್ರೈಟ್ ಪೂಲ್ ಅವುಗಳ ದಾಯಾದಿ. ಹಸಿರು ಬಟ್ಟೆ ಹೊದಿಸಿದ ಮೇಜು. ಕೇರಂ ಹಲಗೆಯ ಮೂಲೆಗಳಲ್ಲಿರುವಂತೆ ಪಾಕೆಟ್ಟುಗಳು, ನಾಲ್ಕರ ಬದಲು ಆರು. ಅಂಕೆ ಬರೆದ ಹದಿನೈದು ಚೆಂಡುಗಳು. ಅವನ್ನು ಹೊಡೆಯಲು ಒಂದು ಬಿಳಿಯ ಚೆಂಡು. ಯಾವ ಚೆಂಡನ್ನು ಯಾವ ಪಾಕೆಟ್ಟಿಗೆ ಹಾಕುವೆನೆಂದು ಆಟಗಾರ ಮೊದಲೇ ಹೇಳಬೇಕು. ಹೇಳಿದಂತೆ ಹಾಕಿದರೆ ಒಂದು ಅಂಕ. ಹಾಕುತ್ತಿರುವಷ್ಟು ಕಾಲ ಸರದಿ ಅವನದೇ. ಹದಿನಾಲ್ಕು ಚೆಂಡುಗಳು ಹೋದ ಮೇಲೆ ಹದಿನೈದನೆಯದನ್ನು ಇದ್ದಲ್ಲೇ ಬಿಟ್ಟು, ಹದಿನಾಲ್ಕನ್ನು ಮತ್ತೆ ತ್ರಿಕೋನದ ಚೌಕಟ್ಟಿನಲ್ಲಿ ಕೂಡಿಸಿಡುತ್ತಾರೆ. ಉಳಿದ ಆ ಒಂದನ್ನು ಪಾಕೆಟ್ಟಿಗೆ ಹಾಕುತ್ತಲೇ ಬಿಳಿಯ ಚೆಂಡಿನಿಂದ ಗುಂಪನ್ನು ಒಡೆದು, ನಿಪುಣನಾದವನು ಆಟವನ್ನು ಮುಂದುವರಿಸುತ್ತಾನೆ. 125 ಅಥವಾ 150 ಅಂಕಗಳನ್ನು ಮೊದಲು ಮುಟ್ಟಿದವನು ಗೆದ್ದ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕುಸ್ತಿಯಲ್ಲಿ ಎದುರಾಳಿಯ ಪಟ್ಟಿಗೆ ಪ್ರತಿಪಟ್ಟು ಹಾಕಬಹುದು. ಚದುರಂಗದಲ್ಲಿ ಒಂದು ನಡೆಗೆ ಒಂದು ನಡೆ ಉಂಟು. ಸ್ಟ್ರೈಟ್ ಪೂಲಿನಲ್ಲಿ ಒಬ್ಬ ಆಡುತ್ತಿರುವಾಗ ಇನ್ನೊಬ್ಬ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರಬೇಕು. ಅವನು ಕೈ ಎತ್ತುವಂತಿಲ್ಲ, ತಡೆಯುವಂತಿಲ್ಲ. ಕೆಲವು ಸಲ ಅವನ ಸರದಿ ಬರುವುದೇ ಇಲ್ಲ. ಹೀಗೆ ಕುಳಿತು ಸೋತವನಿಗೂ ನ್ಯಾಯ ದೊರೆಯುವಂತೆ ಪಂದ್ಯಾವಳಿಯನ್ನು ಕಟ್ಟುವುದು ಹೇಗೆಂಬುದೇ ಈ ಆಟದ ಇತಿಹಾಸವೆಂದರೆ ತಪ್ಪಾಗದು.

ನ್ಯಾಯದ ಈ ಹುಡುಕಾಟ ಆಟದ ನಿಯಮದಿಂದಲೇ ಆರಂಭವಾಯಿತು. ಅಮೆರಿಕದಲ್ಲಿ 1878ರಲ್ಲಿ ಪೂಲ್ ಆಟದ ಮೊದಲ ಚಾಂಪಿಯನ್‌ಷಿಪ್ ನಡೆದಾಗ ಪ್ರತಿ ಚೆಂಡಿಗೂ ಅದರ ಮೇಲಿನ ಅಂಕೆಯಷ್ಟು ಬೆಲೆಯಿತ್ತು. ಒಂದರಿಂದ ಹದಿನೈದರವರೆಗೆ ಕೂಡಿದರೆ 120. ಅದರಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು, ಎಂದರೆ 61, ಗಳಿಸಿದವನಿಗೆ ಗೆಲುವು. ಎಂಟು ಚೆಂಡುಗಳನ್ನು ಹಾಕಿದವನು ಸೋತು, ದೊಡ್ಡ ಅಂಕೆಯ ಐದೇ ಚೆಂಡುಗಳನ್ನು ಹಾಕಿದವನು ಗೆಲ್ಲುವುದು ಸಾಧ್ಯವಾಗಿತ್ತು. ಇದು ಸರಿಯಲ್ಲವೆಂದು 1888ರಲ್ಲಿ ಪ್ರತಿ ಚೆಂಡಿಗೂ ಒಂದೇ ಅಂಕವೆಂದು ಗೊತ್ತುಮಾಡಿದರು. ಒಂದು ಕಂತಿನ ಗಳಿಕೆ ಮುಂದಿನ ಕಂತಿಗೆ ಸೇರುತ್ತ ಹೋಗುವಂತೆಯೂ ಮಾಡಿದರು. 1910ರಲ್ಲಿ ಜೆರೋಮ್ ಕಿಯೋ ಎಂಬ ಆಟಗಾರರು ಹದಿನೈದನೆಯ ಚೆಂಡನ್ನು ಉಳಿಸಿ ಆಟವನ್ನು ಬೆಳೆಸುವ ಉಪಾಯವನ್ನು ಸೂಚಿಸಿದರು. ಈ ಹೊಸ ಬಗೆಯ ಆಟದಲ್ಲಿ ಮೊದಲ ಚಾಂಪಿಯನ್‌ಷಿಪ್ 1912ರಲ್ಲಿ ನಡೆಯಿತು.

ಆಟದ ನಿಯಮವೇನೋ ನೇರವಾಯಿತು. ಆದರೆ ಶ್ರೇಷ್ಠನನ್ನು ಆರಿಸುವ ಬಗೆ? ಆ ಕಾಲದಲ್ಲಿ ರೂಢಿಯಲ್ಲಿದ್ದದ್ದು ಸವಾಲಿನ ಪದ್ಧತಿ. ಬಿರುದು ಹೊತ್ತವನು ಒಬ್ಬ; ಪಣದ ಹಣವನ್ನು ಕಟ್ಟಿ ಅವನಿಗೆ ಸವಾಲು ಹಾಕುವವನು ಇನ್ನೊಬ್ಬ. ಹಲವು ರಾತ್ರಿ ನೂರಾರು ಅಂಕಗಳವರೆಗೆ ಆಡಿ, ಗೆದ್ದವನು ಬಿರುದನ್ನು ಕೊಂಡೊಯ್ಯುತ್ತಿದ್ದ. ಫ್ರಾಂಕ್ ಟಬರ್‌ಸ್ಕಿ ಎಂಬವರು 1916ರಿಂದ 1918ರವರೆಗೆ ಇಂಥ ಹತ್ತು ಸವಾಲುಗಳನ್ನು ಒಂದರ ಮೇಲೊಂದರಂತೆ ಗೆದ್ದರು. ಅವರದು ಬಲು ನಿಧಾನದ ಆಟ. ಎದುರಾಳಿ ಕುರ್ಚಿಯಲ್ಲಿ ಕುಳಿತೇ ದಣಿಯುತ್ತಿದ್ದನಂತೆ!

ಸವಾಲಿನ ಪದ್ಧತಿಯಲ್ಲಿ ಒಂದು ಗುಣವಿದೆ: ಆಟ ದೀರ್ಘವಾದುದರಿಂದ ಅದೃಷ್ಟದ ಪಾಲು ಕಡಮೆ. ದೋಷವೂ ಒಂದಿದೆ: ಅದು ಇಬ್ಬರನ್ನು ಮಾತ್ರ ತೂಗುತ್ತದೆ. ಪಣ ಕಟ್ಟಲು ಹಣವಿಲ್ಲದ ಮೂರನೆಯವನು ಎಷ್ಟೇ ಸಮರ್ಥನಾದರೂ ತಕ್ಕಡಿಗೆ ಏರುವುದೇ ಇಲ್ಲ. ಹೀಗಿರಲು, 1919ರಲ್ಲಿ ಹಲವರು ಒಟ್ಟಿಗೆ ಸೇರಿ ಆಡುವ ಪಂದ್ಯಾವಳಿಯಲ್ಲಿ ಬಿರುದನ್ನು ನಿರ್ಧರಿಸಿದರು. ಗೆದ್ದವರು ಇಪ್ಪತ್ತು ವರ್ಷದ ತರುಣ ರಾಲ್ಫ್ ಗ್ರೀನ್‌ಲೀಫ್. ಮುಂದೆ ಬಹುಕಾಲ ಆ ಆಟಕ್ಕೆ ಅವರೇ ಒಡೆಯರಂತಿದ್ದರು.

ಹಲವರನ್ನು ಸೇರಿಸಿದ ಕೂಡಲೇ ಪಂದ್ಯ ಕಟ್ಟುವವರಿಗೆ ಲೆಕ್ಕದ ತೊಡಕು ಎದುರಾಗುತ್ತದೆ. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ, ಹನ್ನೆರಡು ಮಂದಿಗೆ 66 ಆಟಗಳು ಬೇಕು. ಹದಿನಾರು ಮಂದಿಗೆ 120. ಅರುವತ್ತನಾಲ್ಕು ಮಂದಿಗೆ 2016. ಸೋತವನು ಮನೆಗೆ ಹೋಗಲಿ ಎಂಬ ಪದ್ಧತಿಯಲ್ಲಿಯಾದರೋ ಹದಿನಾರು ಮಂದಿಗೆ 15 ಆಟಗಳು ಸಾಕು, ಅರುವತ್ತನಾಲ್ಕಕ್ಕೆ 63. ಸಮಯ ಉಳಿಯಿತು, ಬಾಡಿಗೆ ಉಳಿಯಿತು. ನ್ಯಾಯ ಉಳಿಯಿತೆ?

ಇದಕ್ಕೆ ಇತಿಹಾಸದಲ್ಲಿಯೇ ಒಂದು ಉತ್ತರವಿದೆ. 1940-41ರಲ್ಲಿ ಪೂಲ್ ಚಾಂಪಿಯನ್‌ಷಿಪ್ಪನ್ನು ಕೆಲವು ದಿನಗಳ ಪಂದ್ಯಾವಳಿಯಾಗಿ ನಡೆಸದೆ ತಿಂಗಳುಗಟ್ಟಲೆ ಸಾಗುವ ಲೀಗ್ ಆಗಿ ನಡೆಸಿದರು. ಫಿಲಡೆಲ್ಫಿಯಾದ ವಿಲ್ಲಿ ಮಾಸ್ಕೋನಿ ಅದರಲ್ಲಿ 224 ಆಟಗಳನ್ನು ಆಡಿ, 176ರಲ್ಲಿ ಗೆದ್ದು, ಬಿರುದನ್ನು ಪಡೆದರು. 1941ರಿಂದ 1957ರವರೆಗೆ ಹದಿನೈದು ಸಲ ವಿಶ್ವಪ್ರಶಸ್ತಿಯನ್ನು ಗೆದ್ದ ಮಹಾ ಆಟಗಾರರು ಅವರು. ವಾಚಕರು ಈ ಅಂಕೆಗಳನ್ನು ಇನ್ನೊಮ್ಮೆ ನೋಡಬೇಕು. 224ರಲ್ಲಿ 176 ಗೆಲುವು. ಎಂದರೆ ಉಳಿದ 48 ಸೋಲು. ಅತ್ಯಂತ ವೈಭವದ ವರ್ಷದಲ್ಲಿಯೂ, ಜಗತ್ತಿನ ಮೊದಲಿಗರು ಐದು ಆಟಗಳಿಗೆ ಒಂದಕ್ಕಿಂತ ಹೆಚ್ಚು ಸೋತರು!

ಅದೇ ಬಲದ ಎದುರಾಳಿಗಳನ್ನು ಇಟ್ಟುಕೊಂಡು, ಅವರನ್ನು ಹದಿನಾರು ಮಂದಿಯ, ಸೋತರೆ ಮನೆಗೆ ಎಂಬ ಪಂದ್ಯಾವಳಿಗೆ ಇಳಿಸಿದ್ದರೆ? ಪ್ರಶಸ್ತಿಗೆ ಸತತವಾಗಿ ನಾಲ್ಕು ಆಟ ಗೆಲ್ಲಬೇಕು. ಗಣಿತದ ಪ್ರಕಾರ ಅಂಥ ನೂರು ಪಂದ್ಯಾವಳಿಗಳಲ್ಲಿ ಅವರು ಗೆಲ್ಲುತ್ತಿದ್ದದ್ದು ಸುಮಾರು 38. ಉಳಿದ 62ರಲ್ಲಿ ರೇಡಿಯೋ ಬೇರೆಯವರ ಹೆಸರನ್ನು ಹೇಳುತ್ತಿತ್ತು. ನಾವು ಆ ಬೇರೆಯವರನ್ನೇ ಜಗತ್ತಿನ ಮೊದಲಿಗರೆಂದು ನಂಬುತ್ತಿದ್ದೆವು. ಒಂದು ಸಂಜೆಯ ಸೋಲು ಆ ಸಂಜೆಯ ವಾರ್ತೆ ಮಾತ್ರ. ಅದು ಆಟಗಾರನ ಬೆಲೆಯಲ್ಲ. ಬೆಲೆ ತಿಳಿಯಬೇಕಾದರೆ ಅವನನ್ನು ಮತ್ತೆ ಮತ್ತೆ ಆಡಿಸಬೇಕು.

ಕುರ್ಚಿಯಲ್ಲಿ ಕುಳಿತವನ ಪಾಡಿಗೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. 1956ರಲ್ಲಿ ಉತ್ತರ ಕ್ಯಾರೊಲಿನಾದ ಕಿನ್‌ಸ್ಟನ್ ಎಂಬ ಊರಿನಲ್ಲಿ ಮಾಸ್ಕೋನಿಯವರು ಜಿಮ್ಮಿ ಮೂರ್ ಅವರ ಎದುರು ಒಂದೇ ಸರದಿಯಲ್ಲಿ 150 ಚೆಂಡುಗಳನ್ನು ಹಾಕಿ ಆಟವನ್ನು ಮುಗಿಸಿದರು. ಹತ್ತು ವರ್ಷಗಳ ಬಳಿಕ, 1966ರ ಯು.ಎಸ್. ಓಪನ್ ಅಂತಿಮ ಪಂದ್ಯದಲ್ಲಿ ಅರ್ವಿಂಗ್ ಕ್ರೇನ್ ಅವರು ಜೋ ಬಾಲ್ಸಿಸ್ ಅವರ ಎದುರು ಹಾಗೆಯೇ ಒಂದೇ ಸರದಿಯಲ್ಲಿ 150 ಹೊಡೆದರು. ಮೂರ್ ಅವರೂ ಬಾಲ್ಸಿಸ್ ಅವರೂ ಸಾಮಾನ್ಯರಲ್ಲ. ಆ ಕಾಲದ ಅತಿರಥರು. ಅಂಥವರನ್ನೂ ಒಂದು ಆಟದ ಫಲದಿಂದ ಅಳೆದರೆ ಶೂನ್ಯವೆಂದೇ ಬರೆಯಬೇಕಾಗುತ್ತದೆ.

ಆದುದರಿಂದ ಪಂದ್ಯ ಕಟ್ಟುವವರು ಗೆಲುವು-ಸೋಲಿನ ಜೊತೆಗೆ ಬೇರೆ ಅಳತೆಗಳನ್ನೂ ಇಟ್ಟುಕೊಂಡರು. ಒಂದು, ಸರಾಸರಿ: ಗಳಿಸಿದ ಅಂಕಗಳನ್ನು ಸರದಿಗಳ ಸಂಖ್ಯೆಯಿಂದ ಭಾಗಿಸುವುದು. 150 ಅಂಕಗಳನ್ನು ಹತ್ತು ಸರದಿಗಳಲ್ಲಿ ಗಳಿಸಿದವನ ಸರಾಸರಿ 15. ಇಪ್ಪತ್ತೈದರಲ್ಲಿ ಗಳಿಸಿದವನದು 6. ಎರಡು, ಒಂದೇ ಸರದಿಯಲ್ಲಿ ಹಾಕಿದ ಅತಿ ಹೆಚ್ಚಿನ ಚೆಂಡುಗಳು. ಮೂರು, ಅಂಕಗಳ ಅಂತರ: ಒಟ್ಟು ಗಳಿಸಿದ್ದರಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದನ್ನು ಕಳೆಯುವುದು. ಇಬ್ಬರು ಸಮನಾಗಿ ನಿಂತಾಗ, ಅವರಿಬ್ಬರ ನಡುವಿನ ಆಟದಲ್ಲಿ ಗೆದ್ದವರು ಯಾರೆಂದು ನೋಡುವುದುಂಟು. ಮೂವರು ಸುತ್ತುಬಳಸಿ ಒಬ್ಬರನ್ನೊಬ್ಬರು ಸೋಲಿಸಿದ್ದರೆ ಅಂತರದ ಲೆಕ್ಕಕ್ಕೆ ಇಳಿಯಬೇಕಾಗುತ್ತದೆ.

ಯಾವ ಅಳತೆಯೂ ತಾನೊಂದೇ ಸಾಲದು. ಸರಾಸರಿಯನ್ನೇ ನಂಬಿದರೆ, ಟಬರ್‌ಸ್ಕಿಯವರಂತೆ ಕಾದು ಆಡುವ ಜಾಣನಿಗೆ ಅನ್ಯಾಯ. ತನಗೆ ಚೆಂಡು ಹಾಕುವ ದಾರಿಯಿಲ್ಲದಾಗ ಎದುರಾಳಿಗೂ ದಾರಿಯಿಲ್ಲದಂತೆ ಬಿಳಿಯ ಚೆಂಡನ್ನು ಮರೆಯಲ್ಲಿ ನಿಲ್ಲಿಸುವುದೂ ಒಂದು ವಿದ್ಯೆಯೇ. ಹೆಚ್ಚಿನ ಓಟವನ್ನೇ ನಂಬಿದರೆ ಇನ್ನೊಂದು ತೊಂದರೆ. ಮಾಸ್ಕೋನಿಯವರು 1954ರಲ್ಲಿ ಒಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ಸತತ 526 ಚೆಂಡುಗಳನ್ನು ಹಾಕಿದರು. ಅದು ಪ್ರದರ್ಶನದ ಆಟ, ಮೇಜು ಎಂಟಡಿಯದು. 2019ರಲ್ಲಿ ಜಾನ್ ಶ್ಮಿಟ್ ಅವರು ಒಂಬತ್ತಡಿಯ ಮೇಜಿನ ಮೇಲೆ 626 ಹಾಕಿದರು. 2022ರಲ್ಲಿ ಸ್ಕಾಟ್ಲೆಂಡಿನ ಜೇಸನ್ ಶಾ ಅವರು 714ನ್ನು ಮುಟ್ಟಿದರು. ಇವೆಲ್ಲ ಬೆರಗುಗೊಳಿಸುವ ಸಾಧನೆಗಳು. ಆದರೆ ಶ್ಮಿಟ್ ಮತ್ತು ಶಾ ಅವರು ಈ ದಾಖಲೆಗಳಿಗಾಗಿಯೇ ಮತ್ತೆ ಮತ್ತೆ ಪ್ರಯತ್ನಿಸಿ ಸಾಧಿಸಿದವರು. ಅಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬಹುದು. ಪಂದ್ಯಾವಳಿಯಲ್ಲಿ ತಪ್ಪಿದರೆ ಎದುರಾಳಿ ಕುರ್ಚಿಯಿಂದ ಏಳುತ್ತಾನೆ.

ಇನ್ನು ಜೋಡಿಗಳ ವಿಚಾರ. ಮೈಸೂರಿನ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿಯನ್ನು ನೀವು ಬಲ್ಲಿರಿ. ಹಿರಿಯರು ಪೈಲ್ವಾನರ ತೂಕವನ್ನೂ ಅನುಭವವನ್ನೂ ನೋಡಿ ಸಮಬಲರನ್ನು ಎದುರುಬದುರು ಮಾಡುತ್ತಾರೆ. ಪಂದ್ಯಾವಳಿಯಲ್ಲಿ ಇದಕ್ಕೆ ತಿರುವುಮುರುವು. ಇಲ್ಲಿ ಬಲಶಾಲಿಗಳನ್ನು ಕೊನೆಯವರೆಗೆ ಬೇರೆಬೇರೆಯಾಗಿ ಇಡಬೇಕು. ಅದಕ್ಕಾಗಿ ಹಿಂದಿನ ಸಾಧನೆಯನ್ನು ನೋಡಿ ಆಟಗಾರರಿಗೆ ಶ್ರೇಯಾಂಕ ಕೊಡುತ್ತಾರೆ. ಅರುವತ್ತನಾಲ್ಕು ಮಂದಿಯನ್ನು ಎಂಟು ಗುಂಪು ಮಾಡಬೇಕೆನ್ನಿ. ಮೊದಲ ಎಂಟು ಶ್ರೇಯಾಂಕದವರನ್ನು ಒಂದರಿಂದ ಎಂಟರವರೆಗಿನ ಗುಂಪುಗಳಿಗೆ ಒಬ್ಬೊಬ್ಬರಂತೆ ಹಂಚಬೇಕು. ಒಂಬತ್ತನೆಯವನನ್ನು ಎಂಟನೆಯ ಗುಂಪಿಗೇ ಸೇರಿಸಿ ಹಿಂದಕ್ಕೆ ಬರಬೇಕು; ಹದಿನಾರನೆಯವನು ಮೊದಲನೆಯ ಗುಂಪಿಗೆ ಬೀಳುತ್ತಾನೆ. ಹೀಗೆ ಹೋಗಿ ಬಂದು ಮಾಡುವ ಹಂಚಿಕೆಯಿಂದ ಗುಂಪುಗಳ ತೂಕ ಸರಿಸುಮಾರು ಸಮನಾಗುತ್ತದೆ. ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಿದರೆ ಒಂದೊಂದು ಗುಂಪಿಗೆ 28 ಆಟಗಳು. ಎಲ್ಲ ಸೇರಿ 224. 2016ಕ್ಕೆ ಹೋಲಿಸಿದರೆ ಎಷ್ಟೋ ವಾಸಿ. ಪ್ರತಿಯೊಬ್ಬನಿಗೂ ಏಳು ಅವಕಾಶಗಳು ಸಿಕ್ಕಂತಾಯಿತು. ಆಮೇಲೆ ಮೇಲಿನವರನ್ನು ಆರಿಸಿಕೊಂಡು, ಇನ್ನೂ ದೀರ್ಘವಾದ ಆಟಗಳಲ್ಲಿ ಸೋಲು-ಗೆಲುವಿನ ಸುತ್ತುಗಳನ್ನು ನಡೆಸಬಹುದು.

ಅಂದು ಕಬಡ್ಡಿಯ ಚೀಟಿ ಎತ್ತಿಸುವಾಗ ನನಗೆ ಇಷ್ಟು ತಿಳಿದಿದ್ದರೆ ಆ ಹುಡುಗನ ಮುಂದೆ ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ.

ಆದರೆ ವಾಚಕರೇ, ಈ ಲೆಕ್ಕವೆಲ್ಲ ಕಣದೊಳಕ್ಕೆ ಬಂದವರದು. ಬಾಗಿಲ ಹೊರಗೆ ನಿಂತವನ ಲೆಕ್ಕ? ಹಸ್ತಿನಾವತಿಯ ಅಸ್ತ್ರವಿದ್ಯಾ ಪ್ರದರ್ಶನದಲ್ಲಿ ಕರ್ಣ ಅರ್ಜುನನಿಗೆ ಎದುರಾಗಿ ನಿಂತಾಗ, ಕೃಪಾಚಾರ್ಯರು ಮೊದಲು ಕೇಳಿದ್ದು ಅವನ ಬಿಲ್ವಿದ್ಯೆಯನ್ನಲ್ಲ, ಕುಲವನ್ನು. ಭಾರತ ಕಥೆಯನ್ನು ಪಾಠ ಹೇಳುವಾಗಲೆಲ್ಲ ಈ ಸ್ಥಳದಲ್ಲಿ ತರಗತಿ ನಿಶ್ಶಬ್ದವಾಗುವುದನ್ನು ಕಂಡಿದ್ದೇನೆ. ಅದೇ ಪ್ರಸಂಗ ಇಪ್ಪತ್ತನೆಯ ಶತಮಾನದ ಅಮೆರಿಕದ ಪೂಲ್ ಮೇಜಿನ ಸುತ್ತಲೂ ನಡೆಯಿತು.

ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಸಿಸೆರೋ ಮರ್ಫಿ ಎಂಬ ಆಫ್ರಿಕನ್ ಅಮೆರಿಕನ್ ಆಟಗಾರರಿದ್ದರು. ಕಿರಿಯ ವಯಸ್ಸಿನಲ್ಲಿಯೇ ಒಳ್ಳೆಯ ಹೆಸರು ಪಡೆದಿದ್ದರು. ದೊಡ್ಡ ಪಂದ್ಯಾವಳಿಗಳಿಗೆ ಆಮಂತ್ರಣ ಪಡೆದವರಿಗೆ ಮಾತ್ರ ಪ್ರವೇಶ. ಮೈಬಣ್ಣದ ಕಾರಣದಿಂದ ಮರ್ಫಿಯವರಿಗೆ ಆಮಂತ್ರಣ ಬರಲಿಲ್ಲ. 1961ರಲ್ಲಿ ‘ದಿ ಹಸ್ಲರ್’ ಎಂಬ ಚಲನಚಿತ್ರ ಬಂದು, ಅದರಲ್ಲಿ ಸ್ಟ್ರೈಟ್ ಪೂಲನ್ನು ಕಂಡ ಜನ ಆಟಕ್ಕೆ ಮುಗಿಬಿದ್ದರು. ಪಂದ್ಯಾವಳಿಗಳು ಮತ್ತೆ ಕಳೆಗಟ್ಟಿದುವು. ಆಗಲೂ ಆ ಬಾಗಿಲು ಕೂಡಲೇ ತೆರೆಯಲಿಲ್ಲ. ಕೊನೆಗೆ 1965ರಲ್ಲಿ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕಿನಲ್ಲಿ ನಡೆದ ಆಮಂತ್ರಿತರ ವಿಶ್ವ ಪಂದ್ಯಾವಳಿಗೆ ಅವರನ್ನು ಸೇರಿಸಿಕೊಂಡರು. ಮೊದಲನೆಯ ಸಲ ಒಳಗೆ ಕಾಲಿಟ್ಟವರು ಅದೇ ಸಲ ಪ್ರಶಸ್ತಿಯನ್ನು ಗೆದ್ದು ಹೊರಗೆ ಬಂದರು!

ಈ ಗೆಲುವು ಹಿಂದಿನ ಪಟ್ಟಿಗಳ ಮೇಲೆ ಒಂದು ತೀರ್ಪಿನಂತಿದೆ. ಮರ್ಫಿಯವರನ್ನು ಹೊರಗಿಟ್ಟು ನಡೆಸಿದ ಪಂದ್ಯಾವಳಿಗಳಲ್ಲಿ ಜೋಡಿಗಳು ಎಷ್ಟೇ ಸರಿಯಾಗಿದ್ದಿರಲಿ, ಸರಾಸರಿಯನ್ನು ಎಷ್ಟೇ ಸೂಕ್ಷ್ಮವಾಗಿ ಲೆಕ್ಕಹಾಕಿರಲಿ, ಅಲ್ಲಿ ಗೆದ್ದವರು ಎಲ್ಲರಲ್ಲಿ ಮೊದಲಿಗರೆಂದು ಹೇಳಲು ಹೇಗೆ ಸಾಧ್ಯ? ಕರೆದವರಲ್ಲಿ ಮೊದಲಿಗರು ಎಂದಷ್ಟೇ ಹೇಳಬೇಕು.

ಹೆಂಗಸರಿಗೂ ಬಾಗಿಲು ತಡವಾಗಿಯೇ ತೆರೆಯಿತು. ಯು.ಎಸ್. ಓಪನ್ ಪಂದ್ಯಾವಳಿಯಲ್ಲಿ 1967ರಲ್ಲಿ ಮಹಿಳೆಯರ ವಿಭಾಗ ಏರ್ಪಟ್ಟಿತು. ಮೊದಲ ಐದು ವರ್ಷ ಸತತವಾಗಿ ಗೆದ್ದವರು, ಆರಂಭದಲ್ಲಿಯೇ ಐವತ್ತು ದಾಟಿದ್ದ ಡೊರೊಥಿ ವೈಸ್ ಎಂಬ ಗೃಹಿಣಿ. 1972ರಲ್ಲಿ ಗೆದ್ದವಳು ಹದಿಮೂರು ವರ್ಷದ ಬಾಲಕಿ ಜೀನ್ ಬಲೂಕಸ್. ಮೊದಲೇ ಬಾಗಿಲು ತೆರೆದಿದ್ದರೆ ವೈಸ್ ಅವರ ಹೆಸರು ಇನ್ನೆಷ್ಟು ವರ್ಷಗಳ ಪಟ್ಟಿಯಲ್ಲಿ ಇರುತ್ತಿತ್ತೋ!

ಇಷ್ಟು ಯೋಚಿಸಿ ಕಟ್ಟಿದ ಕಣ ಮುಂದೆ ಬರಿದಾದದ್ದು ವಿಷಾದದ ಸಂಗತಿ. ನ್ಯಾಯಕ್ಕೆ ಕಾಲ ಬೇಕು. ಕಾಲಕ್ಕೆ ಹಣ ಬೇಕು. 150 ಅಂಕಗಳ ಒಂದು ಆಟ ಗಂಟೆಗಟ್ಟಲೆ ಸಾಗುವುದುಂಟು. ಟೆಲಿವಿಷನ್ ಬಂದ ಮೇಲೆ, ಒಬ್ಬ ಒಂದೇ ಸಮನೆ ಆಡುತ್ತ ಇನ್ನೊಬ್ಬ ಕುಳಿತಿರುವ ದೃಶ್ಯ ನೋಡುವವರಿಗೆ ರುಚಿಸಲಿಲ್ಲ. ಒಂಬತ್ತು ಚೆಂಡುಗಳಲ್ಲಿ ಚಟಪಟನೆ ಮುಗಿಯುವ ನೈನ್-ಬಾಲ್ ಎಂಬ ಆಟ 1970-80ರ ದಶಕಗಳಲ್ಲಿ ಆ ಸ್ಥಾನವನ್ನು ಆಕ್ರಮಿಸಿತು. ಆದರೂ ಹಳೆಯ ಆಟದ ಅಭಿಮಾನಿಗಳು ಕೈಬಿಡಲಿಲ್ಲ. 2006ರಲ್ಲಿ ನ್ಯೂ ಜೆರ್ಸಿಯಲ್ಲಿ ವಿಶ್ವ ಪಂದ್ಯಾವಳಿಯನ್ನು ಮತ್ತೆ ಏರ್ಪಡಿಸಿದರು. ಜರ್ಮನಿಯ ಥಾರ್ಸ್ಟನ್ ಹೋಮನ್ ಗೆದ್ದರು. ಮುಂದಿನ ಮೂರು ವರ್ಷ ಗೆದ್ದವರು ಕ್ರಮವಾಗಿ ಜರ್ಮನಿ, ಹಾಲೆಂಡ್ ಮತ್ತು ಫ್ರಾನ್ಸ್ ದೇಶಗಳವರು. ಒಂದು ಕಾಲದಲ್ಲಿ ತನ್ನ ನಾಡಿನವರಿಗೇ ಬಾಗಿಲು ಹಾಕಿದ್ದ ಆಟಕ್ಕೆ ಹೊರನಾಡಿನವರು ಬಂದು ಕಳೆ ತಂದರು.

ಆಟದ ಮಾತು ಇಲ್ಲಿಗೆ ಮುಗಿಯಿತು. ಆದರೆ ಕಣ ಕಟ್ಟುವ ಕೆಲಸ ಪೂಲ್ ಮೇಜಿಗೆ ಮಾತ್ರ ಸೇರಿದ್ದಲ್ಲ. ನಾವು ಉಪಾಧ್ಯಾಯರು ವರ್ಷವೂ ಅದನ್ನೇ ಮಾಡುತ್ತೇವೆ. ಮೂರು ಗಂಟೆಗಳ ಒಂದು ಪರೀಕ್ಷೆಯನ್ನು ಇಟ್ಟು, ಇವನು ಬುದ್ಧಿವಂತ, ಅವನು ದಡ್ಡ ಎಂದು ಬರೆದುಬಿಡುತ್ತೇವೆ. ಅಂದು ಮನೆಯಲ್ಲಿ ತಾಯಿಗೆ ಕಾಯಿಲೆಯಾಗಿದ್ದ ಹುಡುಗ ಕುರ್ಚಿಯಲ್ಲಿ ಕುಳಿತ ಆಟಗಾರ. ಅವನಿಗೆ ಸರದಿಯೇ ಬರಲಿಲ್ಲ. ಶುಲ್ಕ ಕಟ್ಟಲಾರದೆ ಶಾಲೆಯನ್ನೇ ಬಿಟ್ಟ ಹುಡುಗಿ ಬಾಗಿಲ ಹೊರಗೆ ನಿಂತವಳು. ನಮ್ಮ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ. ಹೀಗಿದ್ದೂ ನಾವು ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಎಂದು ಧೈರ್ಯವಾಗಿ ಘೋಷಿಸುತ್ತೇವೆ.

ಕಬಡ್ಡಿಯ ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಮರುವರ್ಷ ಕೊಟ್ಟೆ, ಮಾತಿನಿಂದಲ್ಲ, ಪಟ್ಟಿಯಿಂದ. ತಂಡಗಳನ್ನು ಎರಡು ಗುಂಪು ಮಾಡಿ, ಬಲವಾದವುಗಳನ್ನು ಬೇರೆಬೇರೆಯಾಗಿಟ್ಟು, ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡುವಂತೆ ಬರೆದೆ. ಎರಡು ದಿನದಲ್ಲಿ ಮುಗಿಯುತ್ತಿದ್ದ ಪಂದ್ಯಗಳಿಗೆ ಒಂದು ವಾರ ಹಿಡಿಯಿತು, ಸಹೋದ್ಯೋಗಿಗಳು ಗೊಣಗಿದರು. ಆ ಹುಡುಗ ಅಷ್ಟರಲ್ಲಿ ಶಾಲೆಯನ್ನು ಮುಗಿಸಿ ಹೋಗಿದ್ದ. ಅವನ ತಂಡದಲ್ಲಿ ಹಿಂದಿನ ವರ್ಷ ಕಿರಿಯರಾಗಿದ್ದವರು ಆ ವರ್ಷವೂ ಸೋತರು. ಆದರೆ ಈ ಸಲ ಯಾರೂ ನನ್ನ ಚೀಟಿಯನ್ನು ದೂರಲಿಲ್ಲ.